ಬ್ಯಾನರಿನ ಮೇಲಿದ್ದ ಎರಡನೇ ಮಾತು

ನಾನು ಕ್ರಿಶ್ಚಿಯನ್ ಅಲ್ಲ. ಒಬ್ಬ ಪಾಸ್ಟರ್ ಬಗ್ಗೆ ಇಷ್ಟುದ್ದ ಬರೆಯಲು ಕೂತವಳು ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಓದಿದೆ, ಅವರು ಕಲಿಸಿದ ಭಕ್ತಿಗೀತೆಗಳು, ಆ ಹಿಮ್ಸ್, ಇವತ್ತಿಗೂ ಬಾಯಿಗೆ ಬರುತ್ತವೆ. ಮನೆಗೆ ಬಂದರೆ ಅಜ್ಜಿ ದೇವರ ಮುಂದೆ ದೀಪ ಹಚ್ಚಿಸುತ್ತಿದ್ದರು. ಎರಡೂ ಜಗಳವಾಡದೆ ನನ್ನೊಳಗೆ ಕೂತಿದ್ದವು. ಮದುವೆಯಾಗಿ ಕುವೈತಿಗೆ ಬಂದೆ, ಅಬ್ಬಾಸಿಯಾದ ಒಂದು ಇಂಡಿಯನ್ ಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತ ಮುದುಕಿಯಾದೆ. ರಿಟೈರಾದ ಮೇಲೆ ಗಂಡನ ಜೊತೆ ಸಾಲ್ಮಿಯಾದಲ್ಲಿ ಮಗಳ ಮನೆಗೆ ಬಂದೆ, ಗಂಡ ಹೋದ ಮೇಲೂ ಇಲ್ಲೇ ಇದ್ದೇನೆ. ಕಿಟಕಿಯಿಂದ ಸಮುದ್ರ ಕಾಣುತ್ತದೆ, ಧೂಳಿಲ್ಲದ ದಿನಗಳಲ್ಲಿ.

ಪಾಸ್ಟರ್ ನಮ್ಮ ಮನೆಗೆ ಮೊದಲ ಸಲ ಬಂದದ್ದು ನನ್ನನ್ನು ನೋಡಲಿಕ್ಕಲ್ಲ, ನಮ್ಮ ಮನೆಯಲ್ಲಿ ಕೆಲಸಕ್ಕಿದ್ದವಳ ವಿಷಯಕ್ಕೆ. ಬೆಲ್ ಆಯಿತು, ಬಾಗಿಲು ತೆರೆದೆ. ಕಪ್ಪಗೆ, ಕುಳ್ಳಗೆ, ಇಸ್ತ್ರಿ ಮಾಡಿದ ಅರ್ಧ ತೋಳಿನ ಶರ್ಟಿನಲ್ಲಿ ಒಬ್ಬರು ನಿಂತಿದ್ದರು. ವಾರವೆಲ್ಲ ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ಕ್ಲರ್ಕ್, ಶುಕ್ರವಾರ ಮಾತ್ರ ಪಾಸ್ಟರ್ ಎಂದು ಆಮೇಲೆ ತಿಳಿಯಿತು.

"ನಿಮ್ಮಲ್ಲಿ ಕೆಲಸಕ್ಕೆ ಇರುವವಳಿಗೆ ಶುಕ್ರವಾರ ರಜೆ ಉಂಟಾ ಅಮ್ಮ?" ಎಂದು ನೇರವಾಗಿ ಕೇಳಿದರು.

ಒಳಗಿನಿಂದ ಮಗಳು ಕೂಗಿದಳು. "ಹೂ ಈಸ್ ಇಟ್, ಮಮ್ಮಿ?"

"ಯಾರೋ ಪಾಸ್ಟರಂತೆ."

"ಟೆಲ್ ಹಿಮ್ ನಾವು ಹಿಂದೂಸ್ ಅಂತ."

ಅವರಿಗೆ ಕೇಳಿಸಿತು. ಜೋರಾಗಿ ನಕ್ಕರು. "ಗೊತ್ತುಂಟು ಅಮ್ಮ, ಬಾಗಿಲಿಗೆ ತೋರಣ ಕಟ್ಟಿದ್ದೀರಲ್ಲ. ನಾನು ಪ್ರಾರ್ಥನೆಗೆ ಕರೀಲಿಕ್ಕೆ ಬಂದದ್ದಲ್ಲ. ಊಟಕ್ಕೆ ಕರೀಲಿಕ್ಕೆ ಬಂದದ್ದು. ಅವಳನ್ನು ಉಣ್ಲಿಕ್ಕೆ, ನಿಮ್ಮನ್ನು ಬಡಿಸ್ಲಿಕ್ಕೆ."

ಇಂಥ ಆಮಂತ್ರಣವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಒಳಗೆ ಕರೆದೆ. ಚಹಾ ಕುಡಿಯುತ್ತ ಅವಳ ಪಾಸ್‌ಪೋರ್ಟ್ ಎಲ್ಲಿದೆ ಎಂದು ಕೇಳಿದರು. ಅಳಿಯನ ಲಾಕರಿನಲ್ಲಿದೆ, ನಮ್ಮೆಲ್ಲರದ್ದೂ ಅಲ್ಲೇ ಇರುವುದು ಎಂದೆ. ಕುವೈತಿನ ನಮ್ಮವರ ಮನೆಗಳಲ್ಲಿ ಇದೇನೂ ಹೊಸತಲ್ಲ. ಮನೆಯ ಯಜಮಾನ ಎಲ್ಲರ ಪಾಸ್‌ಪೋರ್ಟುಗಳನ್ನು ಒಟ್ಟಿಗೆ ರಬ್ಬರ್‌ಬ್ಯಾಂಡ್ ಹಾಕಿ ಇಡುತ್ತಾನೆ. ಅಳಿಯನಿಗಿಂತ ಮೊದಲು ನನ್ನ ಗಂಡನೂ ಹಾಗೇ ಇಡುತ್ತಿದ್ದರು.

"ನಿಮ್ಮದನ್ನು ಇಟ್ಟದ್ದು ಜೋಪಾನಕ್ಕೆ. ಅವಳದ್ದನ್ನು ಇಟ್ಟದ್ದು ಅವಳು ಹೋಗಬಾರದು ಅಂತ. ಲಾಕರ್ ಒಂದೇ ಅಮ್ಮ, ಬೀಗ ಬೇರೆ ಬೇರೆ," ಎಂದರು.

ಅಳಿಯ ಕೆಲವು ದಿನ ಗೊಣಗಿದ. ಕೊನೆಗೆ ಅವಳ ಪಾಸ್‌ಪೋರ್ಟನ್ನು ಅವಳ ಕೈಗೆ ಕೊಟ್ಟ. ಮುಂದಿನ ಶುಕ್ರವಾರ ಅವಳ ಜೊತೆಗೆ ನಾನೂ ಹೊರಟೆ. ಹೀಗೆ ಶುರುವಾದದ್ದು.

ಇಲ್ಲಿ ವಾರದ ರಜೆ ಶುಕ್ರವಾರ, ಹಾಗಾಗಿ ಭಾನುವಾರದ ಆರಾಧನೆಯೂ ಶುಕ್ರವಾರಕ್ಕೆ ಬಂದು ಕೂತಿದೆ. ಪೇಟೆಯ ಚರ್ಚ್ ಕಾಂಪೌಂಡಿನಲ್ಲಿ ಒಂದು ಕೋಣೆಯಲ್ಲಿ ಮಲಯಾಳಂ, ಪಕ್ಕದ್ದರಲ್ಲಿ ಫಿಲಿಪೈನ್ಸಿನವರ ಗಿಟಾರು, ಅದರಾಚೆ ಉರ್ದು. ಕಾರಿಡಾರಿನ ತುದಿಯ ಸಣ್ಣ ಹಾಲ್ ಕನ್ನಡಕ್ಕೆ. ಆರಾಧನೆ ಮುಗಿದ ಮೇಲೆ ಹೊರಗಿನ ಅಂಗಳದಲ್ಲಿ ಸುಫ್ರಾ ಹಾಸುತ್ತಿದ್ದರು. ಸುಫ್ರಾ ಎಂದರೆ ನೆಲದ ಮೇಲೆ ಬಿಚ್ಚಿ ಹಾಸುವ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ, ಇಲ್ಲಿ ಎಲ್ಲರ ಮನೆಯಲ್ಲೂ ಇರುತ್ತದೆ. ಅದರ ಎರಡೂ ಬದಿಗೆ ಮನೆಗೆಲಸದ ಹೆಂಗಸರು, ಡ್ರೈವರುಗಳು, ಕಟ್ಟಡ ಕೆಲಸದವರು ಕೂರಬೇಕು. ಫ್ಲ್ಯಾಟಿನ ಮೇಡಮ್ಮಂದಿರು, ಇಂಜಿನಿಯರುಗಳು ಸೊಂಟ ಬಗ್ಗಿಸಿ ಬಡಿಸಬೇಕು. ಒಂದೇ ರೂಲು: ರೊಟ್ಟಿಯನ್ನಾಗಲಿ ಹಣ್ಣನ್ನಾಗಲಿ ಎದುರಿಗೆ ಇಟ್ಟು ಹೋಗುವಂತಿಲ್ಲ, ಕೈಗೆ ಕೊಡಬೇಕು.

ಆ ರೂಲಿನ ಹಿಂದೆ ಅವರ ಬಾಲ್ಯವಿತ್ತು. ಅವರ ಊರಿನ ಅಂಗಡಿಯಾತ ಅವರ ಜಾತಿಯವರಿಗೆ ಸಾಮಾನನ್ನು ಕೈಗೆ ಕೊಡುತ್ತಿರಲಿಲ್ಲವಂತೆ. ಪೊಟ್ಟಣವನ್ನು ಜಗಲಿಯ ತುದಿಯಲ್ಲಿಟ್ಟು ಒಳಗೆ ಹೋಗುತ್ತಿದ್ದ, ಆಮೇಲೆ ಇವರು ತೆಗೆದುಕೊಳ್ಳಬೇಕು. ಇವರು ದೊಡ್ಡವರಾಗಿ, ಬೈಬಲ್ ಓದಿ, ಕೇರಿಯ ಹೆಂಗಸರು ಮಕ್ಕಳನ್ನೆಲ್ಲ ಕರೆದುಕೊಂಡು ಹೋಗಿ ಅದೇ ಜಗಲಿಯ ಮೇಲೆ ಕೂತರಂತೆ. ಒಂದೇ ಮಾತು, "ಕೈಗೆ ಕೊಡಿ." ಹೊಡೆತ ತಿಂದರು, ಪೊಲೀಸರು ಬಂದರು, ಮತ್ತೆ ಹೋಗಿ ಕೂತರು. ಕೊನೆಗೆ ಅಂಗಡಿಯಾತ ಒಂದು ಪೊಟ್ಟಣ ಸಕ್ಕರೆಯನ್ನು ಒಬ್ಬ ಮುದುಕಿಯ ಅಂಗೈಯಲ್ಲಿ ಇಟ್ಟನಂತೆ.

ಈ ಕಥೆಯನ್ನು ಅವರು ಸಮುದ್ರ ದಾಟಿ ಗುಲಾಮಗಿರಿಯಿಂದ ಹೊರಬಂದ ಜನರ ಬೈಬಲಿನ ಕಥೆಯ ಜೊತೆಗೆ ಹೆಣೆದು ಹೇಳುತ್ತಿದ್ದರು. "ಅವರು ಸಮುದ್ರ ದಾಟಿ ಬಿಡುಗಡೆ ಆದರು. ನಾವು ಸಮುದ್ರ ದಾಟಿ ಬಂದು ಎಂತ ಆದೆವು?" ಎಂದು ನಿಲ್ಲಿಸುತ್ತಿದ್ದರು. ಅದು ಅವರ ಪದ್ಧತಿ. ವಾಕ್ಯದ ಕೊನೆಯನ್ನು ತಾವು ಹೇಳದೆ ಜನರಿಂದ ಹೇಳಿಸುವುದು. "ಸಂಬಳ?" ಎಂದರೆ ಹಾಲಿಗೆ ಹಾಲೇ "ಕೈಗೆ ಕೊಡಿ!" ಅನ್ನುತ್ತಿತ್ತು. "ಪಾಸ್‌ಪೋರ್ಟ್?" "ಕೈಗೆ ಕೊಡಿ!" ಮೇಡಮ್ಮಂದಿರ ಎದುರಿಗೇ ಅವರ ಕೆಲಸದವರು ಹಾಗೆ ಕೂಗುವಾಗ ನನಗೆ ಮೈ ಜುಮ್ಮೆನ್ನುತ್ತಿತ್ತು. ಸಿಸ್ಟರುಗಳ ಚಾಪೆಲಿನಲ್ಲಿ ನಾವು ಉಸಿರು ಕೂಡ ಮೆಲ್ಲಗೆ ಬಿಡುತ್ತಿದ್ದೆವು. ದೇವರ ಎದುರು ಹೀಗೂ ಮಾತಾಡಬಹುದೇ ಅನಿಸಿತು.

ಯಾರನ್ನೂ ಅವರು ಮತಾಂತರ ಮಾಡಲಿಲ್ಲ, ಈ ದೇಶದಲ್ಲಿ ಅದಕ್ಕೆ ಅವಕಾಶವೂ ಇಲ್ಲ. ಆದರೆ ನನ್ನಲ್ಲಿ ಒಂದು ಬದಲಾವಣೆ ಆಯಿತು. ಬೆಳಿಗ್ಗೆ ದೀಪ ಹಚ್ಚಿ ಕಣ್ಣು ಮುಚ್ಚಿದರೆ ಶ್ಲೋಕಕ್ಕಿಂತ ಮೊದಲು ಅಂಗೈ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ನನ್ನ ಗಂಡ ತೀರಿಹೋದಾಗ ಈ ಪಾಸ್ಟರೇ ಆಸ್ಪತ್ರೆಯಲ್ಲಿ ಅಳಿಯನ ಜೊತೆ ಕಾಗದಪತ್ರದ ಕ್ಯೂನಲ್ಲಿ ನಿಂತರು, ನನ್ನ ಹತ್ತಿರ ಬಂದು ಒಂದು ಬಾಟಲಿ ನೀರನ್ನು ಕೈಗೆ ಕೊಟ್ಟರು, ದೇವರ ಮಾತನ್ನು ಎತ್ತಲೇ ಇಲ್ಲ. ಆ ದಿನದಿಂದ ನನಗೆ ಅವರ ಮೇಲೆ ಇದ್ದದ್ದು ಬರೀ ಗೌರವವಲ್ಲ. ಅದಕ್ಕೆ ಭಕ್ತಿ ಅನ್ನಲು ನಾಚಿಕೆ.

ಈ ವರ್ಷ ಅವರು ಹೋದರು. ಹೃದಯಾಘಾತ. ಇಲ್ಲೇ ಮಣ್ಣು ಮಾಡಬೇಕೆಂದು ಮೊದಲೇ ಹೇಳಿದ್ದರಂತೆ, ಹಾಗೇ ಮಾಡಿದರು. ಮಕ್ಕಳಿಲ್ಲ. ಅವರ ಹೆಂಡತಿಯನ್ನು ಎಲ್ಲರೂ ಅಮ್ಮನವರು ಎಂದು ಕರೆಯುವುದು. ಅಮ್ಮನವರ ಇಕಾಮಾ, ಅಂದರೆ ಇಲ್ಲಿ ಇರಲು ಬೇಕಾದ ಪರವಾನಗಿ, ಗಂಡನ ಹೆಸರಿನ ಮೇಲೆ ಇದ್ದದ್ದರಿಂದ ಅದು ಮುಗಿಯುವುದರೊಳಗೆ ಊರಿಗೆ ಹೊರಡಬೇಕಾಯಿತು. ಹಾಗಾಗಿ ಗಂಡನ ಸ್ಮರಣೆಯನ್ನೂ ಹೆಂಡತಿಯ ಬೀಳ್ಕೊಡುಗೆಯನ್ನೂ ಒಂದೇ ಶುಕ್ರವಾರ ಇಟ್ಟುಕೊಂಡರು.

ಸಭೆಯ ಸೆಕ್ರೆಟರಿ ಗದಗದ ಕಡೆಯವರು, ಕ್ರೇನ್ ಮೆಕ್ಯಾನಿಕ್. ಫೋನ್ ಮಾಡಿದರು.

"ನೀವ ಮಾತಾಡಬೇಕ್ರಿ ಟೀಚರ್. ಎಂಬೆಸಿಯಿಂದ ಯಾರರ ಬಂದ್ರ ಇಂಗ್ಲಿಷ್‌ನ್ಯಾಗೂ ಎರಡು ಮಾತು ಬೇಕಾಗ್ತಾವು. ನಮ್ಮವರ ಕೈಗೆ ಮೈಕ್ ಸಿಕ್ರ ಬಿಡೂದಿಲ್ರಿ, ಗೊತ್ತೈತಲ್ಲ ನಿಮಗ."

"ನಾನು ನಿಮ್ಮ ಸಭೆಯವಳಲ್ಲ," ಎಂದೆ.

"ಅದಕ್ಕ ಕೇಳಾಕತ್ತೀನ್ರಿ. ಹೊರಗಿನವರು ಹೊಗಳಿದ್ರ ತೂಕ ಜಾಸ್ತಿ. ಬ್ಯಾನರ್ ಮಾಡ್ಸೀವಿ, ಫೋಟೋದ ಕೆಳಗ 'ಆದರ್ಶ ಪಾಲಕ, ಆದರ್ಶ ಪತಿ' ಅಂತ ದೊಡ್ಡ ಅಕ್ಷರದಾಗ ಹಾಕ್ಸೀವಿ, ಪಾಲಕ ಅಂದ್ರ ನಮ್ಮ ಸಭಾಪಾಲಕ್ರು. ನೀವು ಅದನ್ನ ಹೇಳಿ ಮುಗಿಸಿಬಿಡ್ರಿ. ಅದರ ಹಿಂದ ಅಮ್ಮನವರಿಗೆ ಶಾಲು."

ಒಪ್ಪಿಕೊಂಡೆ. ಖುಷಿಯಿಂದಲೇ ಒಪ್ಪಿಕೊಂಡೆ.

ಆ ವಾರ ಅಮ್ಮನವರನ್ನು ನೋಡಲು ಅಬ್ಬಾಸಿಯಾಕ್ಕೆ ಹೋದೆ. ಲಿಫ್ಟ್ ಕೆಟ್ಟಿತ್ತು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಒಳಗೆ ಹೋದರೆ ನಡುಮನೆಯಲ್ಲಿ ಎರಡು ಸೂಟ್‌ಕೇಸು ಬಾಯಿ ತೆರೆದುಕೊಂಡಿದ್ದವು. ಅಮ್ಮನವರು ದೊಡ್ಡ ದೊಡ್ಡ ಪಾತ್ರೆಗಳನ್ನು ಒಂದರೊಳಗೊಂದು ಇಟ್ಟು ಹಗ್ಗ ಕಟ್ಟುತ್ತಿದ್ದರು. ಶುಕ್ರವಾರದ ಅಡುಗೆಯ ಪಾತ್ರೆಗಳು. ಅವನ್ನು ಚರ್ಚಿಗೆ ಕೊಟ್ಟು ಹೋಗುವುದಂತೆ. ಶುಕ್ರವಾರದ ಅಷ್ಟೂ ಅನ್ನ, ಅಷ್ಟೂ ಸಾರು ಈ ಮನೆಯ ಈ ಅಡುಗೆಮನೆಯಲ್ಲಿ ಬೇಯುತ್ತಿದ್ದದ್ದು ಎಂಬುದು ನನಗೆ ಗೊತ್ತಿತ್ತು, ಆದರೆ ಪಾತ್ರೆಗಳ ಗಾತ್ರವನ್ನು ಹತ್ತಿರದಿಂದ ನೋಡಿದ್ದು ಅವತ್ತೇ.

ಚಹಾ ಕೊಟ್ಟು ನನ್ನೆದುರು ಕೂತರು. ಅವರು ಕೂತದ್ದನ್ನು ನೋಡಿದ ನೆನಪೂ ನನಗೆ ಕಡಿಮೆ.

"ಟೀಚರ್, ಒಂದು ಕೇಳ್ತೇನೆ. ಬೇಜಾರು ಮಾಡ್ಬಾರ್ದು."

"ಕೇಳಿ ಅಮ್ಮನವರೇ."

"ಬ್ಯಾನರಲ್ಲಿ ಎಂತ ಬರೆಸಿದ್ದಾರೆ ನೋಡಿದ್ರಾ? ವಾಟ್ಸಾಪಲ್ಲಿ ಫೋಟೋ ಬಂದಿದೆ."

"ಆದರ್ಶ ಪಾಲಕ, ಆದರ್ಶ ಪತಿ."

"ಹಾಂ. ಮೊದಲನೇದ್ದು ಎಷ್ಟು ಸಲ ಬೇಕಾದ್ರೂ ಹೇಳಿ. ಎರಡನೇದ್ದು ನೀವು ಹೇಳ್ಬೇಡಿ. ಬ್ಯಾನರಿಗೆ ಬಾಯಿಲ್ಲ, ಅದು ನೇತಾಡಲಿ. ನಿಮ್ಮ ಬಾಯಲ್ಲಿ ಬಂದ್ರೆ ನನಗೆ ಅಲ್ಲಿ ಕೂತ್ಕೊಳ್ಳಿಕ್ಕೆ ಆಗೋದಿಲ್ಲ. ಎದ್ದು ಹೋಗಿಬಿಡ್ತೇನೋ ಅಂತ ಹೆದರಿಕೆ. ಹೋಗುವ ಹೊತ್ತಿಗೆ ಅಂಥದ್ದೊಂದು ಆಗ್ಬಾರ್ದು."

ನನ್ನ ಮುಖದಲ್ಲಿ ಏನು ಕಂಡಿತೋ. ಪಾಸ್ಟರ್ ಬಿಡುವಾದಾಗಲೆಲ್ಲ ಯಾರ್ಯಾರದೋ ಹೆಣ್ಣುಮಕ್ಕಳ ಕೆಲಸಕ್ಕೆ ಓಡಾಡುತ್ತಿದ್ದವರು. ಜನ ಆಡದ ಮಾತಿಲ್ಲ. ಅಮ್ಮನವರು ತಲೆಯಾಡಿಸಿದರು.

"ಅದಲ್ಲ ಮಾರಾಯ್ರೆ. ಅದು ಇದ್ದಿದ್ರೆ ನನಗೆ ಸುಲಭ ಇತ್ತು, ನಾಲ್ಕು ಬೈದು ಬಿಡ್ತಿದ್ದೆ. ಕೈ ಎತ್ತಿದವರೂ ಅಲ್ಲ. ಅದನ್ನೂ ಹೇಳ್ಬೇಕಲ್ಲ."

"ಮತ್ತೆ?"

"ನನ್ನ ಪಾಸ್‌ಪೋರ್ಟ್." ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ನಾನು ಇಲ್ಲಿಗೆ ಬಂದ ದಿನ ಏರ್‌ಪೋರ್ಟಲ್ಲೇ ನನ್ನ ಕೈಯಿಂದ ತಕ್ಕೊಂಡ್ರು. ರಿನ್ಯೂ ಮಾಡುವಾಗ ಸೈನ್ ಹಾಕಿಸಿದ್ರು, ಊರಿಗೆ ಒಟ್ಟಿಗೆ ಹೋಗುವಾಗ ಅವರೇ ಹಿಡ್ಕೊಂಡ್ರು. ನಾನು ಅದನ್ನು ನನ್ನದು ಅಂತ ಕೈಯಲ್ಲಿ ಹಿಡಿದದ್ದು ಅವರು ಸತ್ತ ಮೇಲೆ."

ನಾನು ನಿಟ್ಟುಸಿರು ಬಿಟ್ಟೆ. ಸಮಾಧಾನದ ನಿಟ್ಟುಸಿರೇ. ಇಷ್ಟೇನಾ ಅನಿಸಿತ್ತು. "ಎಲ್ಲ ಗಂಡಸರೂ ಹಾಗೇ ಇಡುವುದಲ್ಲವಾ ಅಮ್ಮನವರೇ. ನಮ್ಮೆಜಮಾನರೂ ಇಟ್ಟಿದ್ದರು."

"ನೀವು ಕೇಳಿದ್ರಾ ಯಾವಾಗಲಾದ್ರೂ?"

"ಇಲ್ಲ. ಬೇಕಾಗಿರಲಿಲ್ಲ."

"ನನಗೆ ಒಂದು ಸಲ ಬೇಕಾಯ್ತು."

ಅಮ್ಮನವರ ತಾಯಿಗೆ ಕಾಯಿಲೆ ಜೋರಾಗಿತ್ತಂತೆ. ತಂಗಿ ಫೋನ್ ಮಾಡಿ ಬಂದುಬಿಡು ಎಂದಳಂತೆ. "ಇವರ ಹತ್ರ ಹೇಳಿದೆ. 'ಈ ಶುಕ್ರವಾರ ಒಂದು ಆಗಲಿ' ಅಂದ್ರು. ಹೌದು, ಅಷ್ಟು ಜನರಿಗೆ ಅಡುಗೆ ಯಾರು ಮಾಡೋದು? ಆ ಶುಕ್ರವಾರ ಆಯ್ತು. ಮತ್ತೊಂದು ಶುಕ್ರವಾರ ಬಂತು. ಪಾಸ್‌ಪೋರ್ಟ್ ಕೊಡಿ, ನಾನೊಬ್ಬಳೇ ಹೋಗ್ತೇನೆ ಅಂದೆ. 'ಎಲ್ಲಿ ಇಟ್ಟಿದ್ದೇನೆ ನೋಡ್ಬೇಕು' ಅಂದ್ರು. ಎಲ್ಲಿ ಉಂಟು ಅಂತ ನನಗೂ ಗೊತ್ತಿತ್ತು, ಬೀರುವಿನಲ್ಲಿ. ಬೀಗದ ಕೈ ಅವರ ಪ್ಯಾಂಟಿನ ಜೇಬಲ್ಲಿ. ಅಷ್ಟರೊಳಗೆ ಅಮ್ಮ ಹೋದ್ರು."

ನಾನು ಚಹಾದ ಲೋಟವನ್ನು ಕೆಳಗಿಟ್ಟೆ.

"ಅದೇ ವಾರ ಟೀಚರ್, ಎಗೈಲಾದಲ್ಲಿ ಒಂದು ಮನೆಯಿಂದ ಒಬ್ಬಳ ಪಾಸ್‌ಪೋರ್ಟ್ ಬಿಡಿಸಿ ತಂದಿದ್ರು. ನಿಮಗೆ ಗೊತ್ತುಂಟು ಅವಳನ್ನು, ಈಗ ಅಲ್ಲೇ ಮಾಲ್‌ನಲ್ಲಿ ಕೆಲಸಕ್ಕಿದ್ದಾಳಲ್ಲ, ಜೋರಾಗಿ ಹಾಡ್ತಾಳೆ. ಅವಳ ಅಮ್ಮನಿಗೂ ಹುಷಾರಿರ್ಲಿಲ್ಲ. ಇವರೇ ಏರ್‌ಪೋರ್ಟಿಗೆ ಬಿಟ್ಟು ಬಂದ್ರು. ಬಂದು ನನ್ನ ಹತ್ರ ಹೇಳಿದ್ರು, ಎಷ್ಟು ಅತ್ಲು ಪಾಪ ಅಂತ. ಹೇಳುವಾಗ ಇವರಿಗೂ ಕಣ್ಣಲ್ಲಿ ನೀರು. ನಾನು ಅನ್ನ ಬಡಿಸಿದೆ."

"ನೀವು ಯಾರ ಹತ್ತಿರವೂ ಹೇಳಲಿಲ್ಲವಾ?"

ಅಮ್ಮನವರು ನಕ್ಕುಬಿಟ್ಟರು. "ಯಾರ ಹತ್ರ ಹೇಳೋದು? ದೂರು ಇದ್ದವರೆಲ್ಲ ಬರೋದು ಇವರ ಹತ್ರವೇ ಅಲ್ವಾ."

ಹೊರಡುವಾಗ ಬಾಗಿಲವರೆಗೆ ಬಂದರು. "ಇದನ್ನು ಯಾರಿಗೂ ಹೇಳ್ಬೇಡಿ. ಆ ಹುಡುಗಿಯರಿಗೆಲ್ಲ ಅವರು ದೇವರ ಹಾಗೆ. ಅದು ಸುಳ್ಳೂ ಅಲ್ಲ. ನಂದು ಒಂದೇ ಮಾತು, ಆ ಎರಡನೇದ್ದು ಬೇಡ. ಆಯ್ತಾ?"

ಆಯ್ತು ಎಂದೆ. ಮೆಟ್ಟಿಲು ಇಳಿಯುತ್ತ ನನಗೆ ಬಂದ ಮೊದಲ ಯೋಚನೆ ಅಮ್ಮನವರ ಬಗ್ಗೆ ಅಲ್ಲ, ಪಾಸ್ಟರ್ ಬಗ್ಗೆಯೂ ಅಲ್ಲ. ನಾನು ಕೇಳಿದ್ದರೆ ನನ್ನ ಗಂಡ ಕೊಡುತ್ತಿದ್ದರಾ? ಕೊಡುತ್ತಿದ್ದರು. ಖಂಡಿತ ಕೊಡುತ್ತಿದ್ದರು. ಕೊಡುತ್ತಿದ್ದರು ಎಂದು ಅಷ್ಟು ಸಲ ಯಾಕೆ ಹೇಳಿಕೊಂಡೆನೋ.

ಮರುದಿನ ದೀಪ ಹಚ್ಚಿದಾಗ ಅಂಗೈ ಬಿಚ್ಚಿತು, ನಾನೇ ಮುಚ್ಚಿಕೊಂಡೆ. ಈ ಮನುಷ್ಯ ಕಲಿಸಿದ್ದಲ್ಲವೇ ಇದು? ಮತ್ತೆ ಅನಿಸಿತು, ಕಲಿಸಿದ್ದು ಅವರಾದರೂ ಕೈ ನನ್ನದೇ. ಬಿಚ್ಚಿದೆ. ಹೀಗೆ ಒಂದು ವಾರ ದೇವರ ಎದುರು ಕೈ ಮುಚ್ಚುವುದು ತೆರೆಯುವುದು ನಡೆಯಿತು. ದೇವರು ಏನೆಂದುಕೊಂಡನೋ. ಅವರು ಅಂಗಡಿಯ ಜಗಲಿಯ ಮೇಲೆ ಕೂತು ಹೊಡೆತ ತಿಂದದ್ದು ನಿಜ. ಆಸ್ಪತ್ರೆಯಲ್ಲಿ ನನ್ನ ಕೈಗೆ ನೀರು ಕೊಟ್ಟದ್ದು ನಿಜ. ಬೀರುವಿನ ಬೀಗದ ಕೈಯೂ ನಿಜ. ಮೂರನ್ನೂ ಮಾಡಿದ ಕೈ ಒಂದೇ ಎಂಬುದು ಮಾತ್ರ ನನ್ನ ತಲೆಗೆ ಹೋಗಲೊಲ್ಲದು. ಮೋಸಗಾರ ಎಂದುಕೊಂಡರೆ ಒಂದು ಗಳಿಗೆ ಹಗುರಾಗುತ್ತಿತ್ತು. ಆದರೆ ಆ ಎಗೈಲಾದವಳಿಗಾಗಿ ಅವರ ಕಣ್ಣಲ್ಲಿ ನೀರು ಬಂದದ್ದನ್ನು ಅಮ್ಮನವರೇ ಕಂಡಿದ್ದರಲ್ಲ. ತಮ್ಮ ಮನೆಯ ಬೀರು ಅವರ ಕಣ್ಣಿಗೆ ಲಾಕರ್ ಅಂತ ಕಂಡೇ ಇರಲಿಲ್ಲವೋ, ಕಂಡೂ ಬೇಡವಾಗಿತ್ತೋ. ಕೇಳೋಣವೆಂದರೆ ಅವರಿಲ್ಲ.

ಮಗಳ ಹತ್ತಿರ ಹೆಸರು ಸಂಗತಿ ಯಾವುದೂ ಹೇಳದೆ ಸುಮ್ಮನೆ ಕೇಳಿದೆ. "ಒಬ್ಬರ ಬಗ್ಗೆ ಮಾತಾಡಬೇಕು. ಒಂದು ಮಾತು ಬಿಡಬೇಕು. ಬ್ಯಾನರಿನಲ್ಲಿ ಅದೇ ಬರೆದಿದೆ. ಏನು ಮಾಡಲಿ?"

"ಮಮ್ಮಿ, ಇಟ್ಸ್ ಎ ಮೆಮೋರಿಯಲ್, ಕೋರ್ಟ್ ಅಲ್ಲ. ಜಸ್ಟ್ ಸೇ ಇಟ್. ಎಲ್ಲರೂ ಸತ್ತ ಮೇಲೆ ಆದರ್ಶ ಪತಿನೇ."

"ನಿಮ್ಮಪ್ಪ?"

ಲ್ಯಾಪ್‌ಟಾಪಿನಿಂದ ತಲೆ ಎತ್ತಿ ನನ್ನನ್ನೇ ನೋಡಿದಳು. "ಆರ್ ಯು ಓಕೆ?"

ಓಕೆ ಎಂದೆ.

ಆ ಶುಕ್ರವಾರ ಧೂಳು ಎದ್ದು ಆಕಾಶ ಕಾವಿ ಬಣ್ಣಕ್ಕೆ ತಿರುಗಿತ್ತು. ಆದರೂ ಹಾಲ್ ತುಂಬಿ ಕಾರಿಡಾರಿನಲ್ಲೂ ಜನ. ಗೋಡೆಯ ಮೇಲೆ ಬ್ಯಾನರು, ಅದರಲ್ಲಿ ಪಾಸ್ಟರ್ ಅದೇ ಅರ್ಧ ತೋಳಿನ ಶರ್ಟಿನಲ್ಲಿ ನಗುತ್ತಿದ್ದರು. ಅದರ ಕೆಳಗೆ ಆ ಎರಡು ಮಾತು. ನೇರ ಎದುರಿಗೆ, ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಬಿಳಿ ಸೀರೆಯ ಅಮ್ಮನವರು. ಅವರ ಎರಡೂ ಕೈ ತೊಡೆಯ ಮೇಲೆ ಮುಷ್ಟಿ ಕಟ್ಟಿದ್ದವು. ಎಂಬೆಸಿಯಿಂದ ಯಾರೂ ಬರಲಿಲ್ಲ.

ಮೈಕ್ ಹಿಡಿದೆ. ಜಗಲಿಯ ಕಥೆ ಹೇಳಿದೆ, ನಮ್ಮ ಬಾಗಿಲಿಗೆ ಬಂದು ಬಡಿಸಲು ಕರೆದದ್ದನ್ನು ಹೇಳಿದೆ, ಜನ ನಕ್ಕರು. ಆಸ್ಪತ್ರೆಯ ನೀರಿನ ಬಾಟಲಿಯನ್ನೂ ಹೇಳಿದೆ. ಪಾಸ್‌ಪೋರ್ಟ್ ಎಂಬ ಶಬ್ದವನ್ನು ಎತ್ತಲೇ ಇಲ್ಲ, ಅದು ಕೆಲವರಿಗೆ ವಿಚಿತ್ರ ಅನಿಸಿರಬೇಕು. ಮುಗಿಸುವ ಹೊತ್ತು ಬಂತು. ಸೆಕ್ರೆಟರಿ ಶಾಲನ್ನು ಬಿಡಿಸಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದರು. ನಾನು ಮೊದಲೇ ಲೆಕ್ಕ ಹಾಕಿಕೊಂಡಿದ್ದೆ: ಮೊದಲ ಮಾತು ಹೇಳುವುದು, ನಿಲ್ಲಿಸುವುದು, ನಮಸ್ಕಾರ ಎಂದು ಇಳಿದುಬಿಡುವುದು.

"ಅವರು ನಿಜವಾಗಿಯೂ ಒಬ್ಬ ಆದರ್ಶ ಪಾಲಕ," ಎಂದೆ.

ನಿಲ್ಲಿಸಿದೆ. ಎಲೊಕ್ಯೂಷನ್ ಎಂಬ ಭಾಷಣದ ಕ್ಲಾಸಿನಲ್ಲಿ ಸಿಸ್ಟರ್ ಕಲಿಸಿದ ಹಾಗೆ, ದೊಡ್ಡ ಮಾತಿನ ನಂತರ ಒಂದು ಉಸಿರು ಬಿಟ್ಟು, ಕೊನೆಯ ಬೆಂಚಿನತ್ತ ನೋಡಿದೆ. ಇಂಥ ನಿಲುಗಡೆ ಈ ಹಾಲಿನಲ್ಲಿ ಏನು ಎಂಬುದು ನನಗೆ ಹೊಳೆಯುವಷ್ಟರಲ್ಲಿ ಹೊತ್ತು ಮೀರಿತ್ತು. ಇಷ್ಟು ವರ್ಷ ಆ ಜನ ಅದನ್ನೇ ಕಲಿತದ್ದು. ಮಾತಾಡುವವರು ನಿಂತರೆ ಉಳಿದದ್ದನ್ನು ನಾವು ಹೇಳಬೇಕು ಎಂದು.

ಮೊದಲು ಹಿಂದಿನ ಸಾಲಿನಿಂದ ಒಂದು ಗಟ್ಟಿ ಹೆಣ್ಣುದನಿ ಎದ್ದಿತು, ಆ ಎಗೈಲಾದವಳದ್ದು. ಅವಳ ಬೆನ್ನಿಗೇ ಇಡೀ ಹಾಲ್, ಬ್ಯಾನರನ್ನು ನೋಡುತ್ತ, ಪಾಸ್ಟರ್ ಇನ್ನೂ ಎದುರಿಗೇ ಇದ್ದಾರೆ ಎಂಬಂತೆ:

"ಆದರ್ಶ ಪತಿ!"

ಕೆಲವರು ಅಳುತ್ತಿದ್ದರು. ಇನ್ನೊಂದು ಸಲ ಕೂಗಿದರು. ನಾನು ಮೈಕನ್ನು ಕೆಳಗಿಳಿಸಿದೆ. ಅಮ್ಮನವರು ಎದ್ದು ಹೋಗಲಿಲ್ಲ. ತಲೆ ತಗ್ಗಿಸಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು, ಭುಜಗಳು ಕುಲುಕುತ್ತಿದ್ದವು. ಪಕ್ಕದವಳು ಅವರ ಬೆನ್ನು ಸವರಿ ಸಮಾಧಾನ ಮಾಡುತ್ತಿದ್ದಳು. ಅತ್ತದ್ದೋ ನಕ್ಕದ್ದೋ ನನಗೆ ಗೊತ್ತಾಗಲಿಲ್ಲ. ಸೆಕ್ರೆಟರಿ ಶಾಲು ಹೊದಿಸಿ ನನ್ನ ಕಿವಿಯಲ್ಲಿ, "ಏನ್ ಫಿನಿಶಿಂಗ್ ಕೊಟ್ರಿ ಟೀಚರ್! ಪಾಸ್ಟರ್ ಸ್ಟೈಲೇ ರೀ," ಎಂದರು.

ಧೂಳಿನ ದೆಸೆಯಿಂದ ಅವತ್ತು ಸುಫ್ರಾವನ್ನು ಕಾರಿಡಾರಿನಲ್ಲೇ ಹಾಸಿದರು. ಅಮ್ಮನವರನ್ನು ಮೊದಲ ಜಾಗದಲ್ಲಿ ಕೂರಿಸಿದರು. ಬೇರೆಯವರು ಮಾಡಿದ ಶುಕ್ರವಾರದ ಅಡುಗೆಯನ್ನು ಅವರು ಕೂತು ಉಂಡದ್ದು ಅದೇ ಮೊದಲು. ಎಗೈಲಾದವಳು ರೊಟ್ಟಿ ತಂದಳು. "ಅಮ್ಮನವ್ರೇ, ಕೈ ನೀಡಿ," ಎಂದು ಎರಡೂ ಕೈಯಿಂದ ಕೊಟ್ಟಳು. ಅಮ್ಮನವರು ತೆಗೆದುಕೊಂಡು ಅವಳ ಗಲ್ಲ ಸವರಿದರು. ಅವಳು ದಾಟಿ ಹೋದ ಮೇಲೆ ನಾನು ಮ್ಯಾಕರೆಲ್ ಸಾರಿನ ಪಾತ್ರೆ ಹಿಡಿದು ಬಗ್ಗಿದೆ. ಊರಿನ ಬಂಗುಡೆಯೇ, ಇಲ್ಲಿ ಫ್ರೋಜನ್ ಆಗಿ ಬರುತ್ತದೆ.

"ನಾನು ಹೇಳಲಿಲ್ಲ ಅಮ್ಮನವರೇ," ಎಂದು ಪಿಸುಗುಟ್ಟಿದೆ.

"ಎಂತಕ್ಕೆ ಅಲ್ಲಿ ನಿಲ್ಲಿಸಿದ್ದು ಮಾರಾಯ್ರೆ? ಈ ಜನರ ಎದುರು ನಿಲ್ಲಿಸ್ತಾರಾ ಯಾರಾದ್ರೂ?"

"ನನಗೆ ಹೊಳೆಯಲಿಲ್ಲ. ಸಾರಿ."

"ನೀವು ಹೇಳ್ಲಿಲ್ಲ. ಇಡೀ ಊರಿನ ಬಾಯಲ್ಲಿ ಹೇಳಿಸಿದ್ರಿ." ಮುಖದಲ್ಲಿ ಸಿಟ್ಟಿತ್ತೇ ಎಂದು ನೋಡಿದೆ. ರೊಟ್ಟಿ ಮುರಿಯುತ್ತ ತಲೆ ಎತ್ತಲಿಲ್ಲ. "ಆ ತಲೆಯ ತುಂಡು ಬೇಡ. ನಡುವಿನದ್ದು ಹಾಕಿ."

ನಡುವಿನದ್ದು ಹಾಕಿದೆ. ಹಿಂದಿನಿಂದ ಯಾರೋ "ಯಲ್ಲಾ ಟೀಚರ್, ಬೇಗ, ಇಲ್ಲಿಗೂ ಬನ್ನಿ," ಎಂದು ಕರೆದರು. ಹೋಗಬೇಕಾಯಿತು.

ಕೊಟ್ಟ ಮಾತನ್ನು ಉಳಿಸಿಕೊಂಡೆನೇ, ಮುರಿದೆನೇ? ಕಾರಿನಲ್ಲಿ ಮಗಳು ಕೇಳಿದಳು, "ಸೋ, ಡಿಡ್ ಯು ಸೇ ಇಟ್?" ಅಷ್ಟರಲ್ಲಿ ಸಿಗ್ನಲ್ ಬಿಟ್ಟಿತು, ಅವಳು ಮರೆತಳು.

ಅಮ್ಮನವರು ಹೊರಟುಹೋದರು. ಬೈಂದೂರಿನ ಹತ್ತಿರ ತಂಗಿಯ ಮನೆ. ಶುಕ್ರವಾರದ ಊಟ ನಿಂತಿಲ್ಲ. ಈಗ ಅಡುಗೆಯನ್ನು ಸರದಿಯ ಮೇಲೆ ಮಾಡುತ್ತಾರೆ, ಒಂದು ವಾರ ಉಪ್ಪು ಜಾಸ್ತಿ, ಒಂದು ವಾರ ಅನ್ನ ಮುದ್ದೆ. ನಾನು ಈಗಲೂ ಬಡಿಸಲು ಹೋಗುತ್ತೇನೆ. ಬ್ಯಾನರನ್ನು ಇನ್ನೂ ತೆಗೆದಿಲ್ಲ. ಬಗ್ಗಿ ಬಡಿಸುವಾಗ ಆ ಕಡೆ ಬೆನ್ನು ಹಾಕಿ ನಿಲ್ಲುವುದು ನನಗೆ ಅಭ್ಯಾಸವಾಗಿದೆ. ಇನ್ನು ಕೆಲವು ದಿನ ಬೇಕೆಂದೇ ತಿರುಗಿ ಅವರ ನಗುವನ್ನು ನೋಡುತ್ತೇನೆ. ಒಳ್ಳೆಯ ನಗು. ಅದನ್ನು ನೋಡಿದರೆ ಇವತ್ತಿಗೂ ಧೈರ್ಯ ಬರುತ್ತದೆ, ಅದರ ಬೆನ್ನಿಗೇ ಸಿಟ್ಟೂ ಬರುತ್ತದೆ.

ಮೊನ್ನೆ ಅಮ್ಮನವರ ಫೋನ್ ಬಂತು. ದನಿಯಲ್ಲಿ ಹೊಸ ಗೆಲುವು. ತಂಗಿಯ ಮೊಮ್ಮಗು, ಮಂಡಿನೋವು, ಬಸ್ಸಿನ ರಶ್ ಎಲ್ಲ ಆದ ಮೇಲೆ ಹೇಳಿದರು, "ಇಲ್ಲಿ ಯಾರಿಗೂ ಅವರು ಯಾರಂತ ಗೊತ್ತೇ ಇಲ್ಲ ಟೀಚರ್. ಕುವೈತಲ್ಲಿದ್ದ ಒಬ್ಬ ಕ್ಲರ್ಕ್ ಅಂತ, ಅಷ್ಟೇ. ನನಗೆ ತಡೀಲಿಕ್ಕೆ ಆಗೋದಿಲ್ಲ. ಚರ್ಚಲ್ಲಿ ಹೆಂಗಸರ ಕೂಟದಲ್ಲಿ ನಾನೇ ಹೇಳ್ತಿರ್ತೇನೆ, ಜಗಲಿಯಲ್ಲಿ ಕೂತದ್ದು, ಪಾಸ್‌ಪೋರ್ಟ್ ಬಿಡಿಸಿದ್ದು, ಎಲ್ಲ. ಎಗೈಲಾದವಳದ್ದೂ ಹೇಳಿದೆ. ಎಲ್ರಿಗೂ ಕಣ್ಣಲ್ಲಿ ನೀರು."

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. ಎಗೈಲಾದವಳದ್ದೂ. ಅವರ ತಾಯಿ ಹೋದ ಆ ವಾರದ್ದು.

"ಕೇಳ್ತಾ ಉಂಟಾ ಟೀಚರ್?"

"ಕೇಳಿಸ್ತಿದೆ. ಮತ್ತೆ ಅದು, ಅಮ್ಮನವರೇ... ಎರಡನೇದ್ದು? ಅದನ್ನೂ ಹೇಳ್ತೀರಾ?"

"ಛೀ! ಅದೊಂದು ಇಲ್ಲ," ಎಂದು ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು. ತಂಗಿ ಪಕ್ಕದಿಂದ ಎಂತ ಅಕ್ಕ, ಎಂತ ಆಯ್ತು ಎಂದು ಕೇಳುತ್ತಿದ್ದದ್ದು ನನಗೂ ಕೇಳಿಸಿತು.

ಅಲ್ಲಿ ಮಳೆ ಹಿಡಿಯಿತೇ ಎಂದು ಕೇಳಿದೆ. ಇನ್ನೂ ಇಲ್ಲ, ಸೆಕೆ ಅಂದರೆ ಸೆಕೆ ಎಂದರು.